ಅರಗಿನ ಪಂಡಿತರು, ಕಾರ್ಕ್

ಚನ್ನಪಟ್ಟಣದ ನೀರು ಕುಡಿದವರೆಲ್ಲ ಗೊಂಬೆ ಮಾಡಬಲ್ಲರೆಂದು ನಂಬುವುದು, ಮೈಸೂರಿನ ನೀರು ಕುಡಿದವರೆಲ್ಲ ಅಂಬಾರಿಯಲ್ಲಿ ಕುಳಿತವರೆಂದು ನಂಬಿದಷ್ಟೇ ವಿವೇಕದ ಮಾತು. ಅದರಲ್ಲೂ ನಮ್ಮ ಬೀಗರಾದ ಹೇಮಚಂದ್ರರು ಚನ್ನಪಟ್ಟಣದ ನೀರು ಕುಡಿದದ್ದೂ ಕಡಿಮೆಯೇ. ಕುಡಿದದ್ದು ಬಸ್ ನಿಲ್ದಾಣದ ಕ್ಯಾಂಟೀನಿನ ಚಹ. ಅಲ್ಲಿ ಅವರು ಸಂಚಾರ ನಿಯಂತ್ರಕರಾಗಿದ್ದರು. ಯಾವ ಬಸ್ಸು ಎಲ್ಲಿ ನಿಲ್ಲಬೇಕು, ಯಾವುದು ಯಾವಾಗ ಹೊರಡಬೇಕು ಎಂಬುದನ್ನು ಧ್ವನಿವರ್ಧಕದಲ್ಲಿ ಸಾರುತ್ತ, ಸೀಟಿ ಊದುತ್ತ, ಒಂದು ದಿನ ತಮಗೆ ತಾವೇ ನಿವೃತ್ತಿಯ ರೈಟ್ ಹೇಳಿಕೊಂಡು ಹೊರಬಂದವರು. ಇಷ್ಟೇ ಬಂಡವಾಳದ ಮೇಲೆ ಅವರು ಐರ್ಲೆಂಡಿನ ಕಾರ್ಕ್ ನಗರದಲ್ಲಿ ಜಪಾನೀ ಅರಗಿನ ಕಲೆಯ ಏಕಮೇವ ಪಂಡಿತರಾದ ಪ್ರಸಂಗವನ್ನು, ಆದ್ಯಂತವಾಗಿ ಪಕ್ಕದಲ್ಲೇ ನಿಂತು ನೋಡಿದ ನಾನು ಬರೆದಿಡದಿದ್ದರೆ ಅದು ಇತಿಹಾಸಕ್ಕೆ ಮಾಡಿದ ಅಪಚಾರವಾದೀತು.

ನಾವಿಬ್ಬರೂ ಒಂದೇ ಮನೆಯಲ್ಲಿ ಸಿಕ್ಕಿಕೊಂಡದ್ದು ಒಂದು ನಾಮಕರಣದ ಫಲ. ನನ್ನ ಮಗಳು ಜ್ಯೋತ್ಸ್ನಾ ಕಾರ್ಕಿನ ಆಸ್ಪತ್ರೆಯಲ್ಲಿ ಡಾಕ್ಟರು. ಅವಳ ಗಂಡ ಶ್ರೀಹರ್ಷ, ಹೇಮಚಂದ್ರರ ಮಗ, ಕಂಪ್ಯೂಟರಿನವನು. ಮಗುವಿಗೆ ಹೆಸರಿಡಲೆಂದು ಎರಡೂ ಕಡೆಯವರು ಮಾರ್ಚ್ ತಿಂಗಳಿನಲ್ಲಿ ಬಂದಿಳಿದೆವು: ಆ ಕಡೆಯಿಂದ ಹೇಮಚಂದ್ರರು ಮತ್ತು ಅವರ ಹೆಂಡತಿ ರತ್ನಮ್ಮನವರು, ಈ ಕಡೆಯಿಂದ ನಾನೊಬ್ಬನೇ. ಮಗುವಿನ ಕಿವಿಯಲ್ಲಿ ಹೆಸರು ಉಸುರಿ ಮುಗಿಸುವಷ್ಟರಲ್ಲಿ ಮಹಾಮಾರಿ ಹರಡಿ ಲೋಕದ ವಿಮಾನಗಳೆಲ್ಲ ನೆಲಕ್ಕಿಳಿದವು. ಬೀಗರ ಸಂಬಂಧವೆಂಬುದು ಹಬ್ಬದೂಟದಂಥದು. ಎರಡು ಹೊತ್ತಿಗೆ ಚೆನ್ನ, ಮೂರನೆಯ ಹೊತ್ತಿಗೆ ಹಳಸುತ್ತದೆ. ನಾವು ತಿಂಗಳುಗಟ್ಟಲೆ ಅದನ್ನೇ ಬಿಸಿಮಾಡಿಕೊಂಡು ಉಂಡೆವು.

ಎಪ್ಪತ್ತು ದಾಟಿದವರು ರೇಷ್ಮೆಹುಳುವಿನಂತೆ ಗೂಡಿನೊಳಗೇ ಇರತಕ್ಕದ್ದೆಂದು ಇಲ್ಲಿಯ ಸರ್ಕಾರ ಆಜ್ಞೆ ಹೊರಡಿಸಿತು. ರಾಮನಗರದ ಗೂಡಿನ ಮಾರುಕಟ್ಟೆಯ ಮುಂದೆ ದಿನಾ ಓಡಾಡಿದ ಹೇಮಚಂದ್ರರು ಆ ಸುದ್ದಿ ಕೇಳಿ ಬೆಚ್ಚಿಬಿದ್ದರು.

“ಗೂಡು ಕಟ್ಟಿದ ಹುಳೂನ ಆಮೇಲೆ ಏನು ಮಾಡ್ತಾರೆ ಅಂತ ಈ ಸರ್ಕಾರಕ್ಕೆ ಗೊತ್ತಿಲ್ಲ ಬೀಗರೇ. ಕುದಿಯೋ ನೀರಿಗೆ ಹಾಕ್ತಾರೆ.”

ಆ ಗೂಡಿನೊಳಗೂ ಒಂದು ವರ್ಣಾಶ್ರಮ ವ್ಯವಸ್ಥೆ ತಾನಾಗಿ ಏರ್ಪಟ್ಟಿತು. ನಾನು ಕಾಲೇಜಿನಲ್ಲಿ ಕನ್ನಡ ಪಾಠ ಮಾಡಿದವನು, ಮೇಲಾಗಿ ದುಡಿಯುವ ಡಾಕ್ಟರಮ್ಮನ ತಂದೆ. ಬೆಳಗಿನ ಮೊದಲ ದೋಸೆ ನನ್ನ ತಟ್ಟೆಗೆ ಬೀಳುತ್ತಿತ್ತು. ಹೇಮಚಂದ್ರರಿಗೆ ಬೀಳುತ್ತಿದ್ದದ್ದು ಎರಡನೆಯದು; ಕಸದ ತೊಟ್ಟಿಗಳನ್ನು ಬೀದಿಗೆ ಎಳೆದಿಡುವ ಜವಾಬ್ದಾರಿಯೂ ಅವರದೇ. ದೋಸೆಯ ಬಗ್ಗೆ ಅವರು ಎಂದೂ ತುಟಿ ಬಿಚ್ಚಲಿಲ್ಲ. ಆದರೆ ಅದು ಕಾವಲಿಯಿಂದ ಏಳುವುದನ್ನು ನೋಡುವ ಅವರ ನೋಟದಲ್ಲಿ, ತಮ್ಮ ನಿಲ್ದಾಣಕ್ಕೆ ಬಾರದೆ ಬೈಪಾಸಿನಲ್ಲೇ ಹೊರಟುಹೋದ ಎಕ್ಸ್‌ಪ್ರೆಸ್ ಬಸ್ಸನ್ನು ನೋಡುವ ವಿಷಾದವಿತ್ತು.

ಹೀಗಿರಲು ಬೇಸಿಗೆಯ ಒಂದು ಬೆಳಗ್ಗೆ ಪಕ್ಕದ ಮನೆಯ ಮೋರಾ ಗೋಡೆಯಾಚೆಯಿಂದ ಒಂದು ಕರಪತ್ರವನ್ನು ಕಡ್ಡಿಯ ತುದಿಗೆ ಸಿಕ್ಕಿಸಿ ನಮ್ಮತ್ತ ಚಾಚಿದರು. ಎರಡು ಮೀಟರ್ ಅಂತರವನ್ನು ಆಕೆ ಧರ್ಮಶ್ರದ್ಧೆಯಿಂದ ಪಾಲಿಸುತ್ತಿದ್ದ ವಿಧವೆ. ಲೀ ನದಿಯ ದಂಡೆಯ ಒಂದು ಪುಟ್ಟ ಮ್ಯೂಸಿಯಂನಲ್ಲಿ ಸಂಬಳವಿಲ್ಲದ ಸೇವೆ ಮಾಡುತ್ತಿದ್ದರು. ಮುಚ್ಚಿದ್ದ ಮ್ಯೂಸಿಯಂ ಮತ್ತೆ ತೆರೆಯಲಿತ್ತು. ಇಂದಿನ ಕಲಾವಿದರ ಹೊಸ ಕೃತಿಗಳನ್ನೂ ಜಪಾನಿನ ಸಾಂಪ್ರದಾಯಿಕ ಅರಗಿನ ಪಾತ್ರೆಗಳನ್ನೂ ಅಕ್ಕಪಕ್ಕ ಇಡುವ ಪ್ರದರ್ಶನ ಅದು. ಕರಪತ್ರದಲ್ಲಿ ಕಪ್ಪಗೆ ಹೊಳೆಯುವ ಒಂದು ಪೆಟ್ಟಿಗೆಯ ಚಿತ್ರವಿತ್ತು. ಅಂತಸ್ತಿನ ಮೇಲೆ ಅಂತಸ್ತು, ಮೇಲ್ಮೈಯಲ್ಲಿ ಬಂಗಾರದ ಹುಲ್ಲಿನ ಎಸಳುಗಳು; ನೋಡಲು ನಮ್ಮ ಟಿಫಿನ್ ಕ್ಯಾರಿಯರಿನ ರಾಜವಂಶದ ಶಾಖೆಯಂತಿತ್ತು.

“ಇದಕ್ಕೆ ಬಳಿದಿರುವುದು ಅರಗು. ಎಂದಾದರೂ ಇಂಥದನ್ನು ನೋಡಿದ್ದೀರಾ?” ಎಂದರು ಮೋರಾ.

ನಾನು ಗಂಟಲು ಸರಿಮಾಡಿಕೊಂಡೆ. ನಾನು ಗಂಟಲು ಸರಿಮಾಡಿಕೊಂಡರೆ ಅದರ ಹಿಂದೆ ಮುಕ್ಕಾಲು ಗಂಟೆಯ ವ್ಯಾಖ್ಯಾನವೊಂದು ಎಂಜಿನ್ ಚಾಲೂ ಮಾಡಿ ನಿಂತಿರುತ್ತದೆಂದು ಹೇಮಚಂದ್ರರು ಬಲ್ಲರು. ಅವರು ನನ್ನ ಗಾಡಿಗೆ ಅಡ್ಡಬಂದರು.

“ನೋಡಿದ್ದೀರಾ ಅಂತ ಕೇಳ್ತೀರಲ್ಲ ಮೇಡಂ! ಚನ್ನಪಟ್ಟಣ ಅಂತ ಊರು. ಬಣ್ಣ ಬಣ್ಣದ ಅರಗಿನ ಗೊಂಬೆಗಳಿಗೆ ಪ್ರಪಂಚಕ್ಕೇ ಹೆಸರುವಾಸಿ. ಅಲ್ಲಿಂದ ಹೊರಡೋ ಒಂದೊಂದು ಗೊಂಬೆನೂ ನನ್ನ ಕೈ ದಾಟಿನೇ ಹೋಗ್ತಿತ್ತು.”

ಇದು ಸುಳ್ಳಲ್ಲ. ಬಸ್ಸಿನ ಟಾಪಿಗೆ ಏರುವ ಗೊಂಬೆಯ ಮೂಟೆಗಳಿಗೆ ಹಗ್ಗ ಸರಿಯಾಗಿ ಬಿಗಿದಿದೆಯೇ ಎಂದು ಮುಟ್ಟಿ ನೋಡಿ ರೈಟ್ ಹೇಳುತ್ತಿದ್ದವರು ಅವರೇ. ಆದರೆ ಸತ್ಯವು ಅರ್ಧಕ್ಕೇ ನಿಂತಾಗ ಎಷ್ಟು ಸುಂದರವಾಗಿ ಕಾಣುತ್ತದೆಂಬುದು ನನಗೆ ಅಂದು ತಿಳಿಯಿತು.

“ನಿಮ್ಮ ಕೈ ದಾಟಿ!” ಮೋರಾ ತಮ್ಮ ಕೈಯನ್ನು ಎದೆಗೆ ಒತ್ತಿಕೊಂಡರು. “ಅಷ್ಟು ವರ್ಷದಲ್ಲಿ ಒಂದಾದರೂ ಕೆಟ್ಟಿತೇ?”

“ನನ್ನ ಡ್ಯೂಟಿಯಲ್ಲಾ? ಒಂದಕ್ಕೂ ಗೀರು ಬಿದ್ದಿಲ್ಲ.”

“ಗ್ರ್ಯಾಂಡ್!” ಎಂದು ಮೋರಾ ಒಳಗೆ ಓಡಿದರು. ಆ ವಯಸ್ಸಿನಲ್ಲಿ ಆಕೆ ಓಡಿದ್ದನ್ನು ನಾವು ಅದಕ್ಕೂ ಮೊದಲು ನೋಡಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಫೋನು ಬಂತು. ಮಾತಾಡಿದವರು ಮ್ಯೂಸಿಯಂನ ಮುಖ್ಯಸ್ಥೆ ಗ್ರೋನ್ಯಾ. ಹೇಮಚಂದ್ರರು ಫೋನಿನ ಸ್ಪೀಕರ್ ಹಾಕಿದ್ದು ನನಗೆ ಕೇಳಲಿ ಎಂದೇ ಇರಬೇಕು. ಆಕೆಯ ಸಂಕಟ ಇಷ್ಟು: ಪೆಟ್ಟಿಗೆ ಜಪಾನಿನಿಂದ ಬಂದು ಇಳಿದಿತ್ತು. ಎಂದಿನಂತೆ ಅದರ ಜೊತೆ ಒಬ್ಬರು ಬಂದು, ತಾವೇ ಬಿಚ್ಚಿ, ತಾವೇ ಇಟ್ಟು ಹೋಗಬೇಕಿತ್ತು. ಈ ಸಲ ಯಾರೂ ಬರುವಂತಿರಲಿಲ್ಲ. ಪೆಟ್ಟಿಗೆಯ ಒಡೆಯರಾದ ಒಕಾನೋ ಎಂಬ ವೃದ್ಧ ಕುಶಲಕರ್ಮಿ ತಮ್ಮ ಊರಿನಿಂದಲೇ ಪರದೆಯ ಮೇಲೆ ನೋಡುತ್ತ ಹೇಳಿಕೊಡುವರು. ಆದರೆ ಇಲ್ಲಿ ಅದನ್ನು ಮುಟ್ಟುವ ಕೈ ಅರಗನ್ನು ಬಲ್ಲ ಕೈಯಾಗಿರಬೇಕೆಂದು ವಿಮೆಯವರ ಹಟ. ಅಂಥ ಕೈ ಸಿಗದಿದ್ದರೆ ಪೆಟ್ಟಿಗೆ ಬಿಚ್ಚುವಂತಿಲ್ಲ, ಪ್ರದರ್ಶನವೂ ಇಲ್ಲ.

“ಇಡೀ ಐರ್ಲೆಂಡಿನಲ್ಲಿ ಈಗ ನೀವೊಬ್ಬರೇ ನಮಗೆ ಗತಿ,” ಎಂದು ಗ್ರೋನ್ಯಾ ಹೇಳಿದಾಗ ಹೇಮಚಂದ್ರರು ನನ್ನ ಮುಖ ನೋಡಿದರು. ನಾನು ಕಿಟಕಿಯ ಹೊರಗೆ ನೋಡಿದೆ.

“ಆಯ್ತು ಮೇಡಂ, ಬರ್ತೀನಿ. ಕಲೆಯ ವಿಷಯದಲ್ಲಿ ಇಲ್ಲ ಅನ್ನೋಕಾಗುತ್ತಾ?”

ಸುದ್ದಿ ಅಡುಗೆಮನೆ ತಲುಪಿತು. ರತ್ನಮ್ಮನವರು ಸೌಟು ಹಿಡಿದೇ ಹೊರಬಂದರು.

“ಏನ್ರೀ ಇದು? ಉಪ್ಪಿನಕಾಯಿ ಜಾಡಿ ಮುಚ್ಚಳ ತೆಗೀರಿ ಅಂದ್ರೆ ಅಕ್ಕಪಕ್ಕದವರನ್ನೆಲ್ಲ ಕೂಗ್ತೀರಿ. ಜಪಾನಿನವರ ಪೆಟ್ಟಿಗೆ ಬಿಚ್ತೀರಾ?”

“ಅದು ಉಪ್ಪಿನಕಾಯಿ, ಇದು ಕಲೆ. ಸುಮ್ನಿರೇ.”

“ಮಾವ!” ಆಸ್ಪತ್ರೆಯ ಪಾಳಿ ಮುಗಿಸಿ ಬಂದ ಜ್ಯೋತ್ಸ್ನಾ ಮಾಸ್ಕಿನ ಗುರುತು ಬಿದ್ದ ಮುಖದಲ್ಲೇ ಅರಳಿದಳು. “ಇಷ್ಟು ದಿನ ಹೇಳಲೇ ಇಲ್ವಲ್ಲ ನೀವು?”

“ನಮ್ಮದನ್ನ ನಾವೇ ಹೇಳ್ಕೊಂಡು ತಿರುಗೋ ಅಭ್ಯಾಸ ನನಗಿಲ್ಲ ಕಣಮ್ಮ,” ಎಂದು ಹೇಮಚಂದ್ರರು ನನ್ನ ಪುಸ್ತಕದ ಕಪಾಟಿನ ಕಡೆ ತಿರುಗಿ ಹೇಳಿದರು.

ಮರುದಿನ ಬೆಳಗ್ಗೆ ಮೊದಲ ದೋಸೆ ಅವರ ತಟ್ಟೆಗೆ ಬಿತ್ತು. ಗರಿಗರಿಯಾಗಿತ್ತು; ಮುರಿದ ಸದ್ದು ನನಗೂ ಕೇಳಿಸಿತು.

ಪೆಟ್ಟಿಗೆ ಬಿಚ್ಚುವ ದಿನ ಹತ್ತಿರವಾದಂತೆ ಪಂಡಿತರ ನಿದ್ದೆ ಕೆಟ್ಟಿತು. ಒಂದು ಮಧ್ಯಾಹ್ನ ಅವರು ಬಚ್ಚಲಮನೆಯ ಚಿಲಕ ಹಾಕಿಕೊಂಡು ಚನ್ನಪಟ್ಟಣಕ್ಕೆ ಫೋನು ಮಾಡಿದರು. ಆ ಕಡೆ ಅವರ ಹಳೆಯ ಸಹೋದ್ಯೋಗಿ, ಪಾರ್ಸೆಲ್ ಕೌಂಟರಿನ ಚಿಕ್ಕಣ್ಣ. ಬಸ್ ನಿಲ್ದಾಣದ ಗದ್ದಲದಲ್ಲಿ ಪಳಗಿದ ಆ ಎರಡು ಕಂಠಗಳಿಗೆ ಐರ್ಲೆಂಡಿನ ತೆಳ್ಳನೆಯ ಗೋಡೆ ಯಾವ ಲೆಕ್ಕ? ಇಡೀ ಮನೆ ಕೇಳಿಸಿಕೊಂಡಿತು.

“ಏ ಚಿಕ್ಕಣ್ಣ, ಅರಗು ಅಂದ್ರೆ ಏನಯ್ಯಾ?”

“ಏನ್ ಸಾ ಇಂಗ್ ಕೇಳ್ತೀರಾ? ಅದೇ ಗೊಂಬೆಗೆ ಬಳೀತಾರಲ್ಲ ಅದು. ಮರದ್ ಮ್ಯಾಗೆ ಹುಳ ಕಟ್ಟೋದು.”

“ಅದು ಗೊತ್ತು ಕಣೋ. ಹೊಳಪು ಹೆಂಗೆ ಬರ್ಸೋದು?”

“ತಾಳೆಗರಿ ಇಕ್ಕೊಂಡು ಉಜ್ಬೇಕು ಸಾ. ಪಳಪಳ ಅಂತದೆ!”

“ಇಲ್ಲಿ ತಾಳೆಗರಿ ಎಲ್ಲಿಂದ ತರಲಯ್ಯಾ?”

“ಉದ್ದುಕ್ಕೆ, ಅಗಲುಕ್ಕೆ, ಹಸುರುಗೆ ಏನೈತೋ ಅದ್ನೇ ಇಟ್ಕೊಳಿ ಸಾ. ನೋಡೋರಿಗೇನ್ ಗೊತ್ತಾಯ್ತದೆ?”

ಐರ್ಲೆಂಡಿನಲ್ಲಿ ಉದ್ದಕ್ಕೆ, ಅಗಲಕ್ಕೆ, ಹಸಿರಾಗಿ ಇರುವ ವಸ್ತು ಒಂದೇ: ಲೀಕ್ ಎಂಬ, ಈರುಳ್ಳಿಯ ದಾಯಾದಿಯಾದ ತರಕಾರಿ. ಮಾರನೆಯ ಬೆಳಗ್ಗೆ ಫ್ರಿಜ್ಜಿನಲ್ಲಿದ್ದ ಲೀಕಿನ ನೀಳವಾದ ಎಲೆಯೊಂದು ಮಾಯವಾಗಿತ್ತು.

ಜೊತೆಗೆ ಬರಬೇಕೆಂದು ಅವರು ನನ್ನನ್ನು ಕೇಳಲಿಲ್ಲ. “ನೀವೂ ನೋಡಿದ ಹಾಗಾಗುತ್ತೆ ಬನ್ನಿ,” ಎಂದರು. ಮ್ಯೂಸಿಯಂನಲ್ಲಿ ಗ್ರೋನ್ಯಾ ನಮ್ಮನ್ನು ದೂರದಿಂದಲೇ ನಮಸ್ಕರಿಸಿ ಬರಮಾಡಿಕೊಂಡರು. ಎತ್ತರದ ಹೆಂಗಸು, ಕಣ್ಣಿನ ಕೆಳಗೆ ಆಯಾಸ.

ಮೊದಲ ಕೋಣೆಯಲ್ಲಿ ಇಂದಿನ ಕಲೆ. ಗೋಡೆಯುದ್ದಕ್ಕೂ ಐಸ್‌ಕ್ರೀಮಿನ, ಬೆಣ್ಣೆಯ, ಹೋಟೆಲ್ ಪಾರ್ಸೆಲಿನ ಖಾಲಿ ಪ್ಲಾಸ್ಟಿಕ್ ಡಬ್ಬಿಗಳು, ಮುಚ್ಚಳವಿಲ್ಲದೆ ಸಾಲಾಗಿ. ಲಾಕ್‌ಡೌನಿನಲ್ಲಿ ಒಬ್ಬರ ಮನೆಗೆ ಒಬ್ಬರು ಹೋಗಲಾಗದೆ ಉಳಿದುಹೋದ ಡಬ್ಬಿಗಳು ಅವು, ಎಂದರು ಗ್ರೋನ್ಯಾ. ಶೂನ್ಯ, ಏಕಾಂತ, ಬರಿದು ಎಂಬ ಮಾತುಗಳನ್ನು ನಮ್ಮ ಕಾಲದ ಕವಿತೆಗಳಲ್ಲಿ ಅನ್ನದಲ್ಲಿ ಕಲ್ಲು ಸಿಕ್ಕಿದಷ್ಟು ಸಲ ಕಂಡವನು ನಾನು. ನಿಟ್ಟುಸಿರಿಟ್ಟು ನಿಂತೆ. ಹೇಮಚಂದ್ರರು ಆ ಗೋಡೆಯ ಕಡೆ ತಿರುಗಿಯೂ ನೋಡಲಿಲ್ಲ. ಅವರ ದೃಷ್ಟಿ ನೆಲದ ಮೇಲಿತ್ತು. ಅಲ್ಲಿ ಜನ ಒಂದೇ ದಿಕ್ಕಿನಲ್ಲಿ ಸಾಗಲೆಂದು ಹಳದಿ ಬಾಣದ ಗುರುತುಗಳನ್ನು ಅಂಟಿಸಿದ್ದರು.

“ಮೇಡಂ, ಇದು ಸರಿ ಇಲ್ಲ,” ಎಂದರು ಗಂಭೀರವಾಗಿ.

ಗ್ರೋನ್ಯಾ ಡಬ್ಬಿಗಳ ಗೋಡೆಯನ್ನು ನೋಡಿ ಕಂಗೆಟ್ಟರು. “ಕಲಾವಿದೆ ಬಹಳ ಶ್ರಮಪಟ್ಟಿದ್ದಾಳೆ...”

“ಡಬ್ಬಿ ಇರಲಿ. ಈ ಬಾಣ! ಬರೋರು, ಹೋಗೋರು ಇಬ್ಬರೂ ಈ ಬಾಗಿಲಲ್ಲೇ ಡಿಕ್ಕಿ ಹೊಡೀತಾರೆ. ಹಿಂದಿನ ಬಾಗಿಲು ತೆಗೀರಿ, ಈ ಎರಡು ಬಾಣ ತಿರುಗಿಸಿ. ನೋಡಿ, ಒಂದು ಸೊಳ್ಳೆನೂ ನಿಲ್ಲಲ್ಲ.”

ಗ್ರೋನ್ಯಾ ಬಾಣಗಳನ್ನು ನೋಡಿದರು, ಬಾಗಿಲನ್ನು ನೋಡಿದರು, ಪುನಃ ಬಾಣಗಳನ್ನು ನೋಡಿದರು. ಆರೋಗ್ಯ ಇಲಾಖೆಯವರು ಎರಡು ಸಲ ಬಂದು ಬಿಡಿಸಲಾಗದೆ ಹೋದ ಗಂಟು ಅದಂತೆ. ಹೇಮಚಂದ್ರರ ಪಾಂಡಿತ್ಯದ ಬಗ್ಗೆ ಆಕೆಗೆ ಲವಲೇಶವಾದರೂ ಸಂದೇಹ ಉಳಿದಿದ್ದರೆ ಅದು ಅಲ್ಲಿಗೆ ಅಳಿಯಿತು. ಒಂದು ವಿಷಯ ಬಲ್ಲವನು ಎಲ್ಲವನ್ನೂ ಬಲ್ಲನೆಂಬ ನಂಬಿಕೆಯಲ್ಲಿ ಐರ್ಲೆಂಡಿಗೂ ಕರ್ನಾಟಕಕ್ಕೂ ವ್ಯತ್ಯಾಸವಿಲ್ಲ.

ಒಳಕೋಣೆಯ ಮೇಜಿನ ಮೇಲೆ ಮರದ ಹೊರಪೆಟ್ಟಿಗೆ. ಅದರ ಸುತ್ತ ಚಪ್ಪಟೆ ಹುರಿಯ ಗಂಟು. ಎದುರಿನ ಪರದೆಯ ಮೇಲೆ ಒಕಾನೋ. ಕೊಕ್ಕರೆಯಂತೆ ತೆಳ್ಳಗಿನ ಮುದುಕರು, ತುಟಿಯಲ್ಲಿ ಮಾತಿಲ್ಲ. ಪಕ್ಕದಲ್ಲಿ ಅವರ ಮಾತನ್ನು ಇಂಗ್ಲಿಷಿಗೆ ತರುವ ಮೊಮ್ಮಗಳು ಕಾವೋರಿ.

“ನಮ್ಮ ಅರಗು ಮರದ ರಸದಿಂದ ಬರುತ್ತದೆ, ನಿಮ್ಮದು?” ಎಂದು ಅಜ್ಜನ ಪರವಾಗಿ ಕಾವೋರಿ ಕೇಳಿದಳು.

ಹೇಮಚಂದ್ರರ ಹಣೆಯಲ್ಲಿ ಬೆವರು. “ನಮ್ಮದು ಹುಳದಿಂದ. ಆದರೆ ಹುಳ ಕೂತ್ಕೊಳ್ಳೋದು ಮರದ ಮೇಲೇ ತಾನೇ?”

ಕಾವೋರಿ ಅನುವಾದಿಸಿದಳು. ಒಕಾನೋ ಬಹಳ ಹೊತ್ತು ಯೋಚಿಸಿ ತಲೆಯಾಡಿಸಿದರು. ಅಷ್ಟರಲ್ಲಿ ಪಂಡಿತರು ತಮ್ಮ ಕೋಟಿನ ಒಳಜೇಬಿನಿಂದ ಲೀಕಿನ ಎಲೆಯನ್ನು ತೆಗೆದು ಮೇಜಿನ ಮೇಲೆ ಪವಿತ್ರವಾದ ದರ್ಭೆಯಂತೆ ಇರಿಸಿದರು. ಪರದೆಯಾಚೆಯ ಮುದುಕರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಗ್ರೋನ್ಯಾ ಅದನ್ನು ಗೌರವದಿಂದ ಟಿಪ್ಪಣಿ ಮಾಡಿಕೊಂಡರು.

ಆಮೇಲೆ ನಡೆದದ್ದನ್ನು ನಾನು ಉತ್ಪ್ರೇಕ್ಷೆಯಿಲ್ಲದೆ ಹೇಳಬೇಕು. ಹೇಮಚಂದ್ರರು ಗಂಟಿನ ಮೇಲೆ ಕೈ ಇಟ್ಟರು. ಮೂಟೆ, ಹಗ್ಗ, ಕುಣಿಕೆ ಇವುಗಳಲ್ಲೇ ಪಳಗಿದ ಬೆರಳುಗಳು ಆ ಹುರಿಯ ಮನಸ್ಸನ್ನು ಅರಿತುಕೊಂಡವು. ಎಳೆಯಲಿಲ್ಲ, ಕೀಳಲಿಲ್ಲ, ಮಲಗಿದ ಮಗುವಿನ ಮುಷ್ಟಿಯಿಂದ ಸೆರಗು ಬಿಡಿಸುವಂತೆ ಬಿಡಿಸಿದರು. ಅಂತಸ್ತುಗಳನ್ನು ಒಂದೊಂದಾಗಿ ಎತ್ತಿ ಇಟ್ಟರು. ಹೊರಗೆ ಕಪ್ಪು, ಒಳಗೆ ಕುಂಕುಮದ ಕೆಂಪು. ಒಂದಕ್ಕೂ ಗೀರು ಬೀಳಲಿಲ್ಲ. ಎಲೆಯಿಂದ ಉಜ್ಜುವ ಘಟ್ಟ ಬಂದಾಗ ನಾನು ಆ ಎಲೆ ಮುಚ್ಚುವಂತೆ ನನ್ನ ಟೋಪಿ ಇಟ್ಟುಬಿಟ್ಟೆ.

ಮ್ಯೂಸಿಯಂ ತೆರೆಯಿತು. ಬಾಣಗಳು ತಿರುಗಿದ್ದರಿಂದ ಜನ ಸರಾಗವಾಗಿ ಹರಿದರು. ಊರಿನ ಪತ್ರಿಕೆಯಲ್ಲಿ ಹೇಮಚಂದ್ರರ ಚಿತ್ರ ಬಂತು. ಮೋರಾ ಅದನ್ನು ಕತ್ತರಿಸಿ ಕಡ್ಡಿಗೆ ಸಿಕ್ಕಿಸಿ ಕಳಿಸಿದರು. ಶ್ರೀಹರ್ಷ ಅದನ್ನು ಕನ್ನಡಿಗರ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದ. ಅಲ್ಲಿಂದ ಮುಂದಿನದು ಮನುಷ್ಯಪ್ರಯತ್ನವನ್ನು ಮೀರಿದ್ದು. ಡಬ್ಲಿನ್ನಿನ ಗ್ರ್ಯಾಂಡ್ ಕೆನಾಲ್ ಡಾಕಿನ ಸಾಫ್ಟ್‌ವೇರ್ ಹುಡುಗರು ಕೈಮುಗಿಯುವ ಚಿತ್ರಗಳನ್ನು ಸುರಿಸಿದರು. ಐರ್ಲೆಂಡಿನ ಕನ್ನಡ ಸಂಘದ ಅಧ್ಯಕ್ಷೆ ನಾಗಮಣಿಯವರು ಫೋನು ಮಾಡಿದರು.

“ಸಾರ್, ನಮ್ಮ ನಡುವೆ ಇಂಥ ರತ್ನ ಇದ್ದೂ ನಾವು ಗುರುತಿಸಲಿಲ್ಲ ಅಂದ್ರೆ ನಾಚಿಕೆಗೇಡು. ಸನ್ಮಾನ ಮಾಡ್ತೀವಿ. ‘ಲಾಕ್ಷಾಕಲಾ ಮಾರ್ತಾಂಡ’ ಅಂತ ಬಿರುದು. ಮರದ ಫಲಕದ ಮೇಲೆ ಕೆತ್ತಿಸೋಕೆ ಕೊಟ್ಟಾಗಿದೆ, ನೀವು ಬೇಡ ಅನ್ನೋ ಹಾಗಿಲ್ಲ.”

ಹೇಮಚಂದ್ರರು ಬೇಡ ಎನ್ನಲಿಲ್ಲ. ಆದರೆ ದೋಸೆಯನ್ನು ಮುರಿಯುವ ಅವರ ಸದ್ದು ದಿನೇದಿನೇ ಕ್ಷೀಣಿಸುತ್ತ ಬಂತು. ಒಮ್ಮೆ ಮೊದಲ ದೋಸೆಯನ್ನು ನನ್ನ ತಟ್ಟೆಯ ಕಡೆ ಸರಿಸಿ, “ನೀವೇ ತಗೊಳ್ಳಿ ಬೀಗರೇ, ನನಗೆ ಯಾಕೋ ಹೊಟ್ಟೆ ಭಾರ,” ಎಂದರು. ಅರಗಿನ ಅರಮನೆ ಕಟ್ಟಿಕೊಂಡವರಿಗೆಲ್ಲ ಸುರಂಗ ತೋಡಿಕೊಡುವವರು ಸಿಗುವುದಿಲ್ಲ.

ಅಕ್ಟೋಬರಿನಲ್ಲಿ ರೋಗ ಮತ್ತೆ ಏರಿತು, ಸರ್ಕಾರ ಮತ್ತೆ ಬಾಗಿಲು ಹಾಕಿಸಿತು. ಪ್ರದರ್ಶನ ಅವಧಿಗೆ ಮೊದಲೇ ಮುಗಿಯಿತು. ಪೆಟ್ಟಿಗೆಯನ್ನು ಕಟ್ಟಿ ಜಪಾನಿಗೆ ಹಿಂದಿರುಗಿಸಬೇಕಿತ್ತು. ಕಟ್ಟುವ ಕೈಯೂ ಪಂಡಿತರದೇ. ನಾಗಮಣಿಯವರು ಈ ಸುಸಂದರ್ಭವನ್ನು ಬಿಟ್ಟಾರೆಯೇ? ಪೆಟ್ಟಿಗೆ ಕಟ್ಟುವುದು, ಒಕಾನೋ ಅವರ ಎದುರಿನಲ್ಲೇ ಸನ್ಮಾನ, ಎರಡೂ ಒಂದೇ ಪರದೆಯ ಮೇಲೆ, ಸಕಲ ಕನ್ನಡಿಗರ ಸಮಕ್ಷಮ ಎಂದು ಗೊತ್ತುಮಾಡಿದರು. ಪರದೆಯ ಉಸ್ತುವಾರಿ ಡನ್‌ಡಾಕ್ ಎಂಬ ಊರಿನಲ್ಲಿ ತಂತ್ರಜ್ಞಾನ ಕಲಿಸುವ ಸುಬ್ರಾಯರದು. ಹೊರಗಿನವರು ಮುಟ್ಟುವಂತಿರಲಿಲ್ಲವಾದ್ದರಿಂದ, ಒಂದೇ ಮನೆಯಲ್ಲಿ ವಾಸವಾಗಿದ್ದು ಅವರೊಡನೆ ಮ್ಯೂಸಿಯಂಗೆ ಹೋಗಲಿದ್ದ ನಾನು, ಐರಿಷ್ ಕಾನೂನಿನ ಪ್ರಕಾರ, ಅವರಿಗೆ ಶಾಲು ಹೊದಿಸಬಹುದಾದ ಏಕೈಕ ವ್ಯಕ್ತಿಯಾಗಿದ್ದೆ. ವಿಧಿ ಬೀಗರನ್ನು ಹೀಗೂ ಕಾಡುತ್ತದೆ.

ಆ ಬೆಳಗ್ಗೆ ಮ್ಯೂಸಿಯಂನ ಪರದೆಯ ತುಂಬ ಮುಖಗಳು. ಒಂದು ಚೌಕದಲ್ಲಿ ಒಕಾನೋ ಮತ್ತು ಕಾವೋರಿ. ಒಂದರಲ್ಲಿ ನಮ್ಮ ಮನೆಯ ಸೋಫಾ, ಅದರ ಮೇಲೆ ಮಗುವನ್ನೆತ್ತಿಕೊಂಡ ರತ್ನಮ್ಮನವರು ಮತ್ತು ಜ್ಯೋತ್ಸ್ನಾ. ಶ್ರೀಹರ್ಷ ಕಾರ್ಯಕ್ರಮದ ನಡುವೆಯೇ ತನ್ನ ಕಚೇರಿಯ ಮೀಟಿಂಗಿಗೆ “ಯೆಸ್, ಯೆಸ್” ಎನ್ನುತ್ತಿದ್ದ. ಪ್ರಾರ್ಥನೆಯಾಯಿತು. ಸ್ವಾಗತವಾಯಿತು. ಗಂಟಲು ಒಣಗದಿರಲೆಂದು ರತ್ನಮ್ಮನವರು ಕಾಗದದಲ್ಲಿ ಕಟ್ಟಿಕೊಟ್ಟಿದ್ದ ಕಲ್ಲುಸಕ್ಕರೆಯನ್ನು ಹೇಮಚಂದ್ರರು ಜೇಬಿನಲ್ಲಿ ಒಂದೇ ಸಮನೆ ತಡವುತ್ತಿದ್ದರು.

ಅಂತಸ್ತಿನ ಮೇಲೆ ಅಂತಸ್ತು ಏರಿತು. ಉಳಿದದ್ದು ಮೇಲಿನ ಮುಚ್ಚಳ. ಅದನ್ನು ಎತ್ತಿ ಹಿಡಿದವರು ಹಾಗೆಯೇ ನಿಂತುಬಿಟ್ಟರು.

“ಮುಚ್ಚಿ,” ಎಂದರು ಗ್ರೋನ್ಯಾ ಮೆಲ್ಲಗೆ.

ಹೇಮಚಂದ್ರರು ಆ ಕೆಂಪು ಬರಿದನ್ನು ನೋಡುತ್ತಲೇ ಇದ್ದರು. ಆಗ ಪರದೆಯೊಳಗಿಂದ ರತ್ನಮ್ಮನವರ ಧ್ವನಿ ಕೋಣೆಯನ್ನೆಲ್ಲ ತುಂಬಿತು.

“ರೀ! ಪರರ ಮನೆ ಡಬ್ಬಿ, ಖಾಲಿ ಕಳಿಸ್ತೀರಾ? ಆ ಮನೆಯವರು ನಮ್ಮನ್ನ ಏನಂದ್ಕೋತಾರೆ?”

“ರತ್ನಮ್ಮನೋರೇ, ದಯವಿಟ್ಟು ಮ್ಯೂಟ್ ಮಾಡ್ಕೊಳ್ಳಿ,” ಎಂದರು ನಾಗಮಣಿ.

“ಮ್ಯೂಟೇನು ಬಂತು ತಾಯಿ? ನೀವು ಹೇಳಿ. ನಿಮ್ಮ ಮನೇಲಿ ಕಳಿಸ್ತೀರಾ?”

ನಾಗಮಣಿಯವರು ಅಧ್ಯಕ್ಷೆಯೇನೋ ಹೌದು. ಆದರೆ ಗೃಹಿಣಿಯೂ ಹೌದು. “ಇಲ್ಲ... ಒಂದು ಚಮಚ ಸಕ್ಕರೆಯಾದರೂ...” ಎಂದು ತೊದಲಿದರು. ಚೌಕ ಚೌಕದಿಂದಲೂ ಗುಜುಗುಜು ಎದ್ದಿತು. ಅಷ್ಟರಲ್ಲಿ ಹೇಮಚಂದ್ರರ ಕೈ ಜೇಬಿನಿಂದ ಹೊರಬಂದಿತ್ತು. ಕಲ್ಲುಸಕ್ಕರೆಯ ಪೊಟ್ಟಣ ಪೆಟ್ಟಿಗೆಯೊಳಗೆ ಇಳಿದಿತ್ತು.

ಗ್ರೋನ್ಯಾ ಚೀರಿದ ರೀತಿಗೆ ಹೊರಗಿನ ಕಾವಲುಗಾರ ಓಡಿಬಂದ. “ತಿನ್ನುವ ಪದಾರ್ಥವೇ? ಮ್ಯೂಸಿಯಂನ ಪೆಟ್ಟಿಗೆಯೊಳಗೆ? ಇರುವೆ! ವಿಮೆಯವರು! ಹೇಮ್, ಇದೇನು ಮಾಡಿದಿರಿ?”

ಡನ್‌ಡಾಕಿನಿಂದ ಸುಬ್ರಾಯರು ನೆರವಿಗೆ ಧಾವಿಸಿದರು. “ಮೇಡಂ, ಗಾಬರಿಯಾಗಬೇಡಿ. ಅದು ತೇವ ಹೀರಿಕೊಳ್ಳುವುದಕ್ಕೆ. ಭಾರತದ ಪ್ರಾಚೀನ ಸಂರಕ್ಷಣಾ ವಿಧಾನ. ಅಲ್ವಾ ಸಾರ್?”

“ಓ!” ಗ್ರೋನ್ಯಾ ಎದೆಯ ಮೇಲಿನ ಕೈ ತೆಗೆದರು. “ವಿಧಾನವೇ? ಹಾಗಾದರೆ ಸರಿ. ನಮ್ಮಲ್ಲಿ ಅದಕ್ಕೆಂದೇ ತೇವ ಹೀರುವ ಪೊಟ್ಟಣಗಳಿವೆ. ಇದನ್ನು ತೆಗೆದು ಅದನ್ನು ಹಾಕುತ್ತೇನೆ, ಕೆಲಸ ಒಂದೇ. ಹೌದಲ್ಲವೇ, ಹೇಮ್?”

ಹೌದೆಂದರೆ ಮಾರ್ತಾಂಡ ಪದವಿ ಉಳಿಯುತ್ತಿತ್ತು, ಡಬ್ಬಿ ಖಾಲಿ ಹೋಗುತ್ತಿತ್ತು. ಅಲ್ಲವೆಂದರೆ ಡಬ್ಬಿಯ ಮಾನ ಉಳಿದು, ಮಾರ್ತಾಂಡನು ಹಾಡುಹಗಲೇ ಮುಳುಗಬೇಕಿತ್ತು. ಸ್ವಲ್ಪ ತಲೆಯಾಡಿಸಿದರೆ ಸಾಕಾಗಿತ್ತು. ಗ್ರೋನ್ಯಾ ಅವರ ಕೈಗವಸಿನ ಕೈ ಪೆಟ್ಟಿಗೆಯ ಕಡೆ ಚಾಚಿತು.

“ಮೇಡಂ, ಕೈ ಹಾಕಬೇಡಿ!” ಹೇಮಚಂದ್ರರ ಕಂಠ ಒಮ್ಮೆಗೇ ಬಸ್ ನಿಲ್ದಾಣದ ಎತ್ತರಕ್ಕೇರಿತು. “ಅದು ವಿಧಾನ ಅಲ್ಲ. ನಾನು ಅರಗಿನ ಪಂಡಿತನೂ ಅಲ್ಲ. ಚನ್ನಪಟ್ಟಣದ ಬಸ್ ಸ್ಟ್ಯಾಂಡ್‌ನಲ್ಲಿ ಕಂಟ್ರೋಲರ್ ಆಗಿದ್ದೆ. ಗೊಂಬೆ ಮೂಟೆ ನೋಡಿ ಬಸ್ಸಿಗೆ ಹಾಕಿಸ್ತಿದ್ದೆ. ಒಂದು ಬುಗುರಿಗೂ ನಾನು ಬಣ್ಣ ಬಳಿದವನಲ್ಲ. ಬೀಗರ ಮುಂದೆ ಒಂದು ಮಾತು ಜಾಸ್ತಿ ಆಡಿದೆ, ಅದು ಇಲ್ಲೀವರೆಗೂ ಓಡಿತು. ಬಿರುದು ಬೇಡ, ಶಾಲೂ ಬೇಡ. ಆದ್ರೆ ಈ ಡಬ್ಬಿ ಮಾತ್ರ ಖಾಲಿ ಹೋಗೋ ಹಾಗಿಲ್ಲ. ಯಜಮಾನರು ನಮ್ಮನ್ನ ನಂಬಿ ಮನೆ ಪಾತ್ರೆ ಕಳಿಸಿದ್ದಾರೆ. ನಮ್ಮನೇಲಿ ಹಂಗೆ ಕೊಟ್ಟು ಅಭ್ಯಾಸ ಇಲ್ಲ.”

ನಾಗಮಣಿಯವರ ಹಿಂದೆ ಕೆತ್ತಿಸಿದ ಮರದ ಫಲಕ ಹೊಳೆಯುತ್ತಿತ್ತು. ಹೇಮಚಂದ್ರರು ಆವೇಶದಲ್ಲಿ ಕನ್ನಡದಲ್ಲೇ ಹೇಳಿದ್ದನ್ನು ನಾನೇ ಗ್ರೋನ್ಯಾಗೆ ಇಂಗ್ಲಿಷಿನಲ್ಲಿ ತಿಳಿಸಿದೆ, ಗಂಟಲು ಸರಿಮಾಡಿಕೊಳ್ಳದೆ. ಅದನ್ನು ಕಾವೋರಿ ಅಜ್ಜನಿಗೆ ಹೇಳತೊಡಗಿದಳು. ಮುದುಕರ ಮುಖ ಪರದೆಗೆ ಹತ್ತಿರ ಹತ್ತಿರ ಬಂದು, ಕೊನೆಗೆ ಒಂದು ಕಣ್ಣು, ಒಂದು ಹುಬ್ಬು ಮಾತ್ರ ಕಾಣುವಂತಾಯಿತು. ಆಮೇಲೆ ಆ ಕೊಕ್ಕರೆಯಂಥ ಮೈಯಿಂದ ಗಹಗಹಿಸುವ ನಗು ಹೊರಟಿತು. ಅವರಿಗೆ ಅಂಥ ನಗುವಿದೆಯೆಂದು ಮೊಮ್ಮಗಳಿಗೂ ಗೊತ್ತಿರಲಿಲ್ಲವೆಂದು ತೋರುತ್ತದೆ. ಅವಳೇ ಹೆದರಿ ಅವರ ಬೆನ್ನು ಸವರಿದಳು.

“ಅಜ್ಜ ಹೇಳುತ್ತಾರೆ,” ಎಂದಳು ಕಾವೋರಿ, “ನಮ್ಮ ಊರಿನಲ್ಲೂ ನೆರೆಮನೆಯ ಡಬ್ಬಿಯನ್ನು ಬರಿದಾಗಿ ಹಿಂದಿರುಗಿಸುವುದಿಲ್ಲ. ಏನೂ ಇಲ್ಲದಿದ್ದರೆ ಒಂದು ಬೆಂಕಿಪೊಟ್ಟಣವಾದರೂ ಇಡಬೇಕು. ಚಿಕ್ಕಂದಿನಲ್ಲಿ ಮರೆತು ಬಂದದ್ದಕ್ಕೆ ಅವರ ತಾಯಿ ಕಿವಿ ಹಿಂಡಿದ್ದರಂತೆ. ಈ ಪೆಟ್ಟಿಗೆ ಎಷ್ಟೋ ದೇಶದ ಮ್ಯೂಸಿಯಂಗಳಿಗೆ ಹೋಗಿಬಂದಿದೆ. ಗೀರಿಲ್ಲದೆ ಬಂದಿದೆ, ಧೂಳಿಲ್ಲದೆ ಬಂದಿದೆ. ಬಂದಾಗಲೆಲ್ಲ ಖಾಲಿ. ಅಜ್ಜ ಪ್ರತಿ ಸಲವೂ ಮುಚ್ಚಳ ತೆಗೆದು ಒಮ್ಮೆ ನೋಡುತ್ತಾರೆ. ಪೆಟ್ಟಿಗೆ ಅವರದು. ಸಕ್ಕರೆ ಇರಲಿ ಎನ್ನುತ್ತಾರೆ.”

ಗ್ರೋನ್ಯಾ ಮಾಸ್ಕಿನ ಹಿಂದೆ ಮೂಗು ಎಳೆದುಕೊಂಡು, “ಗ್ರ್ಯಾಂಡ್,” ಎಂದರು. ಆ ಒಂದು ಶಬ್ದದಲ್ಲಿ ಐರಿಷ್ ಜನ ಏನನ್ನು ಬೇಕಾದರೂ ಹೇಳಬಲ್ಲರು. ಆಮೇಲೆ ನಮ್ಮೆಲ್ಲರ ಕಣ್ಣೆದುರಿಗೇ ಪೊಟ್ಟಣವನ್ನು ಇರುವೆ ನುಸುಳದ ಚೀಲವೊಂದಕ್ಕೆ ಹಾಕಿ ಬಿಗಿದು, ಎರಡೂ ಕೈಯಿಂದ ಹೇಮಚಂದ್ರರಿಗೆ ಮರಳಿ ಕೊಟ್ಟರು. ಇಡುವ ಕೈ ಅವರದೇ ಆಗಿರಲೆಂದು.

“ಇನ್ನೊಂದು ಮಾತು,” ಎಂದಳು ಕಾವೋರಿ. “ಅಜ್ಜನಿಗೆ ಮೊದಲ ದಿನವೇ ಗೊತ್ತಾಗಿತ್ತಂತೆ. ಅರಗನ್ನು ಬಲ್ಲ ಯಾವ ಮನುಷ್ಯನೂ ಅದರ ಹತ್ತಿರ ಲೀಕ್ ತರುವುದಿಲ್ಲ. ಆದರೆ ಗಂಟು ಬಿಚ್ಚಿದ್ದನ್ನು ನೋಡಿದರು. ಸುಮ್ಮನಾದರು.”

ಹೇಮಚಂದ್ರರು ಮುಚ್ಚಳ ಮುಚ್ಚಿದರು. ಹುರಿ ಸುತ್ತಿ, ಗಂಟು ಹಾಕಿ, ಎರಡು ಬೆರಳಿನಿಂದ ಅದನ್ನು ತಟ್ಟಿ, ಅಭ್ಯಾಸಬಲದಿಂದ “ರೈಟ್!” ಎಂದರು. ಆ ಕೂಗಿಗೆ ಡಬ್ಲಿನ್ನಿನ ಹುಡುಗರೆಲ್ಲ ಚಪ್ಪಾಳೆ ತಟ್ಟಿದರು.

ನಾಗಮಣಿಯವರಿಗೆ ಫಲಕದ ಚಿಂತೆ. “ಈಗ ಇದನ್ನೇನು ಮಾಡೋದು ಸುಬ್ರಾಯರೇ? ಲಾಕ್ಷಾಕಲಾ ಅಂತ ಕೆತ್ತಿಬಿಟ್ಟಿದ್ದಾನೆ!”

“ಕೆತ್ತಿದ್ದು ಇರಲಿ ಬಿಡಿ ತಾಯಿ,” ಎಂದು ನಾನು ನಡುವೆ ಬಾಯಿ ಹಾಕಿದೆ. “ನಿಮ್ಮ ಕಡೆಯಿಂದ ಶಾಲಿಗೆ ಅಪ್ಪಣೆ ಕೊಡಿ. ಹಿಡ್ಕೊಂಡು ಹಿಡ್ಕೊಂಡು ನನ್ನ ಕೈ ನೋಯ್ತಾ ಇದೆ.”

ಜರಿಯಂಚಿನ ಶಾಲನ್ನು ನಾನು ನಮ್ಮ ಬೀಗರ ಹೆಗಲಿಗೆ ಹೊದಿಸಿದೆ. ಅವರು ನನ್ನ ಕಡೆ ಓರೆಗಣ್ಣಿನಿಂದ ನೋಡಿ ಪಿಸುಗುಟ್ಟಿದರು: “ಬೀಗರೇ, ಮನೆಗೆ ಹೋದ್ಮೇಲೆ ಇದನ್ನ ಆಡ್ಕೊಳ್ಳಲ್ಲ ತಾನೇ?”

“ಆಡ್ಕೊಳ್ದೆ ಇರ್ತೀನಾ?” ಎಂದೆ. ಅವರಿಗೆ ಸಮಾಧಾನವಾಯಿತು.

ಚಳಿಗಾಲದಲ್ಲಿ ಜಪಾನಿನಿಂದ ಒಂದು ಪಾರ್ಸೆಲ್ ಬಂತು. ಒಳಗೆ ಮುಚ್ಚಳವಿರುವ ಒಂದು ಸಣ್ಣ ಅರಗಿನ ಬಟ್ಟಲು. ಬಟ್ಟಲಿನೊಳಗೆ ಹೂವಿನಾಕಾರದ ಸಕ್ಕರೆಯಚ್ಚುಗಳು. ಅವುಗಳ ನಡುವೆ, ಬೆಂಕಿಕಡ್ಡಿಗಳನ್ನು ಅಂಚೆಯವರು ಒಯ್ಯುವುದಿಲ್ಲವಾದ್ದರಿಂದ, ಬೆಂಕಿಪೊಟ್ಟಣದ ಖಾಲಿ ಹೊದಿಕೆ ಮಾತ್ರ. ಬಟ್ಟಲು ನಿಮಗೇ, ನಮ್ಮ ಮನೆಯ ಕಾಣಿಕೆ ಎಂದು ಕಾವೋರಿ ಒಂದು ಸಾಲು ಬರೆದಿದ್ದಳು.

ಅದೇ ವಾರ ಶ್ರೀಹರ್ಷ ಲ್ಯಾಪ್‌ಟಾಪಿನಿಂದ ತಲೆಯೆತ್ತಿ ಸಾರಿದ: “ಅಮ್ಮಾ, ವಿಮಾನ ಬಿಟ್ಟಿದ್ದಾರೆ. ಮೂರು ಟಿಕೆಟ್ ಸಿಕ್ಕಿದೆ. ಮುಂದಿನ ವಾರವೇ ಹೊರಡಬಹುದು.”

“ಕ್ಯಾನ್ಸಲ್ ಮಾಡೋ,” ಎಂದರು ರತ್ನಮ್ಮನವರು ರವೆ ಹುರಿಯುತ್ತ. “ಜಪಾನಿನವರ ಬಟ್ಟಲು ಮನೇಲಿಟ್ಕೊಂಡು ಊರಿಗೆ ಹೋಗೋಕಾಗುತ್ತಾ? ಉಂಡೆ ಮಾಡಿ ತುಂಬಿಸಿ ಕಳಿಸ್ಬೇಕು.”

“ಅಮ್ಮಾ, ಅದು ಉಡುಗೊರೆ. ವಾಪಸ್ ಕೊಡೋದಲ್ಲ.”

“ಉಡುಗೊರೆಯೋ ಮತ್ತೊಂದೋ, ಪಾತ್ರೆ ಪಾತ್ರೆನೇ.”

“ಸರಿ, ಕಳಿಸು. ಕಳಿಸಿದ ಮೇಲಾದ್ರೂ ಹೊರಡಬಹುದಲ್ವಾ?”

ರತ್ನಮ್ಮನವರು ಸೌಟನ್ನು ನಿಲ್ಲಿಸಿ, ಇಷ್ಟು ಓದಿಸಿದ್ದು ವ್ಯರ್ಥವಾಯಿತೆಂಬಂತೆ ಮಗನ ಮುಖ ನೋಡಿದರು.

“ಹೆಂಗೋ ಹೊರಡೋದು? ತುಂಬಿಸಿ ಕಳಿಸಿದ್ರೆ ಅವರು ಸುಮ್ನೆ ಕೂರ್ತಾರಾ? ಅವರ ಮನೇಲೂ ದೊಡ್ಡೋರಿದ್ದಾರೆ.”